ನೊಂದ ನಿವಾಸಿ

ಮೇಲಿನ ಮನೆಯವರು ನೂಲಿಗೆ ಬಣ್ಣ ಹಾಕುವ ಕೆಲಸದವರು. ಕಟ್ಟಡದಲ್ಲೆಲ್ಲ ಅವರಿಗೆ ಬಣ್ಣದಮ್ಮ ಎಂದೇ ಹೆಸರು. ಹಾಗಾಗಿ ನನ್ನ ಅಡುಗೆಮನೆಯ ಚಾವಣಿ ಸೋರತೊಡಗಿದಾಗ ಯಾರ ಮನೆ ನೀರೆಂದು ವಿಚಾರಿಸುವ ಅಗತ್ಯವೇ ಬೀಳಲಿಲ್ಲ. ಸೋಮವಾರ ನೀಲಿ ಹನಿ, ಗುರುವಾರ ಕೆಂಪು ಹನಿ. ಒಂದು ಬೆಳಿಗ್ಗೆ ಹಾಲಿನ ಪಾತ್ರೆಗೇ ಹಸಿರು ಬಿತ್ತು.

ಮೇಲೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಆ ಎದೆಗಾರಿಕೆ ಇಲ್ಲ. ಮೆಟ್ಟಿಲಲ್ಲಿ ಎದುರಾದರೆ ಹಲ್ಲು ಕಿರಿದು "ಚೆನ್ನಾಗಿದ್ದೀರಾ ಅಮ್ಮಾ" ಎನ್ನುತ್ತಿದ್ದೆ, ಒಳಗೆ ಬಂದು ಹಲ್ಲು ಕಡಿಯುತ್ತಿದ್ದೆ. ನನ್ನ ಧೈರ್ಯವೆಲ್ಲ ಪೆನ್ನಿನಲ್ಲಿ. ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಟ್ಟು ಬದುಕುವವನು ನಾನು. ಈ ಸಲ ನನಗೇ ಒಂದು ಬರೆದುಕೊಂಡೆ. ಅನುಮಾನ ನನ್ನ ಮೇಲೆ ಬರದಿರಲೆಂದು ಅಡುಗೆಮನೆಯ ಸುದ್ದಿಯನ್ನೇ ಎತ್ತದೆ, ಅವರ ಮನೆಯ ನೀರಿಗೆ ಮೆಟ್ಟಿಲ ಗೋಡೆ ಒದ್ದೆಯಾಗಿದೆ ಎಂದು ದೂರಿದೆ. ಅಕ್ಷರದ ಗುರುತು ಸಿಗಬಾರದೆಂದು ಟೈಪ್ ಮಾಡಿಸಿ, ಸಹಿಯ ಜಾಗದಲ್ಲಿ 'ನೊಂದ ನಿವಾಸಿ' ಎಂದು ಹಾಕಿಸಿ, ಕಟ್ಟಡದ ಕಚೇರಿಯ ಪೆಟ್ಟಿಗೆಗೆ ತುರುಕಿ ಬಂದೆ. ನಾಚಿಕೆಗೆಟ್ಟವನು ನಾನು, ಅವತ್ತು ಚೆನ್ನಾಗಿ ನಿದ್ದೆ ಬಂತು.

ನಾಲ್ಕನೇ ದಿನ ಬಣ್ಣದಮ್ಮ ನನ್ನ ಬಾಗಿಲಿಗೆ ಬಂದರು. ಉಗುರಿನ ಸಂದಿಯಲ್ಲೆಲ್ಲ ನೀಲಿ. ಕೈಯಲ್ಲಿ ಎರಡು ಹಾಳೆ: ಕಚೇರಿಯ ನೋಟೀಸು, ದೂರಿನ ನಕಲು.

"ಯಾರೋ ನನ್ನ ಮೇಲೆ ದೂರು ಕೊಟ್ಟಿದ್ದಾರೆ ಅಣ್ಣಾ. ವಾರದೊಳಗೆ ಉತ್ತರ ಕೊಡದಿದ್ರೆ ನೀರು ನಿಲ್ಲಿಸ್ತಾರಂತೆ. ನೀರಿಲ್ದೆ ನಾನು ಯಾವ ಕೆಲಸ ಮಾಡ್ಲಿ? ನೀವೇ ಒಂದು ಉತ್ತರ ಬರೆದುಕೊಡಿ."

ನನ್ನ ಬರೆಯುವ ಮೇಜಿರುವುದೂ ಅಡುಗೆಮನೆಯಲ್ಲೇ. ಕುರ್ಚಿ ತೋರಿಸಿದೆ.

"ಮೊದಲು ಅವರೇನು ಬರೆದಿದ್ದಾರೆ, ಓದಿ ಹೇಳಿ," ಎಂದರು.

ನನ್ನ ದೂರನ್ನು ನಾನೇ ಅವರಿಗೆ ಓದಿದೆ. ಗೋಡೆ, ಒದ್ದೆ, ಪಾಚಿ, ಜಾರುವ ಮೆಟ್ಟಿಲು, ಎಲ್ಲ ಓದಿದೆ. ಕೊನೆಯ ಸಾಲಿಗೆ ಬಂದಾಗ ಹಾಳೆ ಮಡಚಿ, "ಇಷ್ಟೇ," ಎಂದೆ.

"ಇನ್ನೊಂದು ಮಾತಿತ್ತಲ್ಲ. ಕಚೇರಿಯಲ್ಲಿ ಗುಮಾಸ್ತ ಅದೊಂದನ್ನೇ ಎಲ್ಲರೆದುರು ಓದಿದ. 'ಮರ್ಯಾದಸ್ಥರ ನಡುವೆ ಇಂಥವರಿಗೆ ಮನೆ ಕೊಟ್ಟದ್ದೇ ತಪ್ಪು' ಅಂತ." ಸ್ವಲ್ಪ ಹೊತ್ತು ಉಗುರು ನೋಡಿಕೊಂಡರು. "ನನಗೆ ನೋವಾಗುತ್ತೆ ಅಂತ ಬಿಟ್ಟುಬಿಟ್ರಿ. ಒಳ್ಳೇ ಮನಸ್ಸು ನಿಮ್ಮದು."

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಆ ಒಂದು ಸಾಲಿಗೆ ಮೂರು ಸಲ ಪದ ಬದಲಿಸಿದ್ದೆ, ಇನ್ನಷ್ಟು ಚುಚ್ಚಲೆಂದು.

"ಅಮ್ಮಾ, ಅದು ನಾನೇ ಬರೆದದ್ದು," ಎಂದೆ.

ಅವರು ತಲೆಯೆತ್ತಿ ಚಾವಣಿಯ ಕಲೆಗಳನ್ನು ಒಂದೊಂದಾಗಿ ನೋಡಿದರು. "ಇಲ್ಲಿ ಹೀಗೆ ಸೋರ್ತಿದೆ ಅಂತ ಒಂದು ಮಾತು ಹೇಳಬಾರದಿತ್ತಾ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನನ್ನನ್ನು ಬಿಟ್ಟರೆ ಬರೆದುಕೊಡುವವರು ಅವರಿಗೆ ಇನ್ನಾರೂ ಇರಲಿಲ್ಲ.

"ಪೆನ್ನು ತಗೊಳ್ಳಿ. ನಾನು ಹೇಳಿದ್ದಷ್ಟೇ ಬರೀರಿ. ನೆಲ ಒಡೆಸಿ ಪೈಪು ಸರಿ ಮಾಡಿಸ್ತೀನಿ. ಬರೆದ್ರಾ?"

"ಬರೆದೆ."

"ಕೆಳಗಿನ ಮನೆಯವರಿಗೆ ನನ್ನಿಂದ ತುಂಬಾ ತೊಂದರೆಯಾಗಿದೆ. ನನಗದು ಗೊತ್ತಿರಲಿಲ್ಲ. ಅವರು ನನ್ನನ್ನ ಕ್ಷಮಿಸಬೇಕು."

ಪೆನ್ನು ಮುಂದೆ ಹೋಗಲಿಲ್ಲ.

"ಬರೀರಿ ಅಣ್ಣಾ," ಎಂದರು.

ಬರೆದೆ.