ಸಂದಿನ ಮೇಲೆ ಸಂದು

ಒಂದು ಆಟವನ್ನು ನಲವತ್ತು ಸೆಕೆಂಡಿಗೆ ಮುಚ್ಚಿಬಿಟ್ಟರೆ ಆಡಿದವರ ಗಂಟೇನೂ ಹೋಗುವುದಿಲ್ಲ. ಕರುಳು ಚುರುಕ್ ಅನ್ನುವುದು ಮಾಡಿದವಳಿಗೆ. ಎರಡು ಸಾವಿರದ ಏಳರ ಡಿಸೆಂಬರಿನ ಒಂದು ಬುಧವಾರ ಸುಕನ್ಯಳಿಗೆ ಆದದ್ದು ಅದೇ.

ಇಂದಿರಾನಗರದಲ್ಲಿ ಬಂಗಲೆಯೊಂದು ಆಫೀಸಾಗಿತ್ತು. ಅಲ್ಲಿ ಸುಕನ್ಯ ವೆಬ್‌ಸೈಟಿಗೆ ಮಿಣಮಿಣ ಮಿನುಗುವ ಸೀರೆ ಜಾಹೀರಾತುಗಳನ್ನು ಮಾಡುತ್ತಿದ್ದಳು. ಅದು ಬೇಜಾರಾಗಿ, ಎರಡು ತಿಂಗಳು ಕೂತು ಬ್ರೌಸರಿನಲ್ಲೇ ತೆರೆದುಕೊಳ್ಳುವ ಆಟ ಬರೆದಳು. ಮೇಲೆ ಇಟ್ಟಿಗೆ ಗೋಡೆ, ಕೆಳಗೆ ಅತ್ತಿತ್ತ ಸರಿಯುವ ಹಲಗೆ, ನಡುವೆ ಹಲಗೆಗೆ ಬಡಿದು ಪುಟಿದು ಇಟ್ಟಿಗೆ ಉದುರಿಸುವ ಚೆಂಡು. ಹಳೇ ವಿಡಿಯೋ ಗೇಮ್ ಅಂಗಡಿಗಳಲ್ಲಿ ಎಲ್ಲರೂ ಆಡಿದ್ದೇ. ಮ್ಯಾನೇಜರ್ ಭಾರ್ಗವ್ ಒಂದು ಪರೀಕ್ಷೆ ಇಟ್ಟಿದ್ದ. ಮೂವರನ್ನು ಕೂರಿಸುವುದು, ಏನೂ ಹೇಳದೆ ಆಟ ಕೊಡುವುದು. ಇಬ್ಬರಾದರೂ ಐದು ನಿಮಿಷ ಏಳದಿದ್ದರೆ ಆಟ ಸೈಟಿಗೆ ಹೋಗುತ್ತದೆ, ಸುಕನ್ಯಳಿಗೆ ಇನ್ನು ಮುಂದೆ ಆಟ ಮಾಡುವುದೇ ಕೆಲಸ. ಆ ಬುಧವಾರ ಮೂವರೂ ಎದ್ದುಹೋದರು. ಪಕ್ಕದ ಸೀಟಿನ ಮಧುರಾ ನಲವತ್ತನೇ ಸೆಕೆಂಡಿಗೆ ಈಮೇಲ್ ತೆರೆದಳು.

"ಚೆನ್ನಾಗೇ ಇದೆ ರೀ, ಆದ್ರೆ ಇಂಥದ್ದು ನೂರಿದೆ. ಶುಕ್ರವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಸೀರೆನೇ ಗತಿ" ಎಂದ ಭಾರ್ಗವ್.

ಸಂಜೆ ಕೆ.ಆರ್. ಪುರದ ಮನೆಯಲ್ಲಿ ಮುಖ ಊದಿಸಿಕೊಂಡು ಅದೇ ಆಟ ತೆರೆದು ಕೂತಳು. ಅವರೆಕಾಳು ಹಿಸುಕುತ್ತಿದ್ದ ಅಜ್ಜಿ ಅಕ್ಕಯಮ್ಮ ಮಡಿಲಲ್ಲಿ ತಟ್ಟೆ ಇಟ್ಟುಕೊಂಡೇ ಪಕ್ಕಕ್ಕೆ ಸರಿದಳು. ಈ ಅಕ್ಕಯಮ್ಮ ಸಾಮಾನ್ಯದವಳಲ್ಲ. ಕೆರೆಯ ಮಗ್ಗುಲಲ್ಲಿ ಇಪ್ಪತ್ತು ವರ್ಷ ಇಟ್ಟಿಗೆ ಗೂಡು ನಡೆಸಿದವಳು. ತನ್ನ ಇಟ್ಟಿಗೆಯಲ್ಲಿ ಯಾವನಾದರೂ ಸೊಟ್ಟ ಗೋಡೆ ಎಬ್ಬಿಸಿದರೆ ಅಲ್ಲಿಗೇ ಹೋಗಿ ಉಗಿದು ಬರುತ್ತಿದ್ದಳು. ಈಗ ಗೂಡಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದಿದೆ. ದುಡ್ಡಿಗೆ ತೊಂದರೆಯಿಲ್ಲ, ಬೈಯಲು ಜನ ಇಲ್ಲ ಎನ್ನುವುದೊಂದೇ ಕೊರಗು.

"ಯಾವ ಮೇಸ್ತ್ರಿನೇ ಇದ ಕಟ್ಟಿದ್ದು?"

"ನಾನೇ ಅಜ್ಜಿ."

"ನೀನಾ! ಥೂ, ಸಂದಿನ ಮ್ಯಾಕೆ ಸಂದು ಇಕ್ಕಿದೀಯಲ್ಲೇ! ಒಂದು ಮಳೆಗೆ ಮಲಿಕ್ಕಂತದೆ."

ಸುಕನ್ಯ ನೋಡಿದಳು. ನಿಜ. ಲೆಕ್ಕದ ಪುಸ್ತಕದ ಚೌಕಗಳಂತೆ ಇಟ್ಟಿಗೆಯ ನೆತ್ತಿಯ ಮೇಲೇ ಇಟ್ಟಿಗೆ ಕೂತಿತ್ತು. ಇಟ್ಟಿಗೆ ರಾಶಿಯ ನಡುವೆಯೇ ಆಡಿ ಬೆಳೆದ ಹುಡುಗಿ ಇಂಥ ಗೋಡೆ ಕಟ್ಟಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅಷ್ಟರಲ್ಲಿ ಚೆಂಡು ಕೆಳಗಿನ ನಾಲ್ಕು ಇಟ್ಟಿಗೆ ಹಾರಿಸಿತು. ಮೇಲಿನವು ಅಲ್ಲೇ ಇದ್ದವು.

"ಕೆಳಗಿಂದು ಹೋಯ್ತು. ಮ್ಯಾಲಿಂದು ಯಾತರ ಮ್ಯಾಲೆ ನಿಂತೈತೆ?"

"ಆಟ ಅಜ್ಜಿ. ಹಂಗೇ ಇರೋದು."

"ಆಟ ಆದ್ರೆ ಇಟ್ಟಿಗೆಗೆ ಭಾರ ಇರಲ್ವಾ?"

ಸುಕನ್ಯ ನಗಲು ಹೋದವಳು ಆಟ ನಿಲ್ಲಿಸಿದಳು. ಅಜ್ಜಿ ಅಡುಗೆಮನೆಯಿಂದ ಬೆಂಕಿಪೊಟ್ಟಣಗಳ ಕಟ್ಟು ತಂದು ಬಿಚ್ಚಿ ಮೇಜಿನ ಮೇಲೆ ಗೋಡೆ ಎಬ್ಬಿಸಿದಳು. ಪ್ರತಿ ಪೊಟ್ಟಣವೂ ಕೆಳಗಿನ ಎರಡರ ಸಂದನ್ನು ಮುಚ್ಚಿ ಕೂತಿತು. ಒಂದನ್ನು ಎಳೆದಳು, ಮೇಲಿನದು ವಾಲಿಕೊಂಡು ನಿಂತಿತು. ಪಕ್ಕದ್ದನ್ನೂ ಎಳೆದಳು, ಧಡಕ್ಕನೆ ಬಿತ್ತು. ಅಕ್ಕಯಮ್ಮ ಚಪ್ಪಾಳೆ ತಟ್ಟಿ ನಕ್ಕಳು.

ಸುಕನ್ಯ ಗುರುವಾರ ರಜೆ ಹಾಕಿದಳು. ಅಜ್ಜಿ ಹೇಳುವುದು, ಇವಳು ಬರೆಯುವುದು. ಎರಡು ಆಸರೆಯಲ್ಲಿ ಒಂದು ಹೋದರೆ ಇಟ್ಟಿಗೆ ವಾಲಬೇಕು, ಎರಡೂ ಹೋದರೆ ಬೀಳಬೇಕು. ಬಿದ್ದದ್ದು ಹಲಗೆಗೆ ತಗುಲಿದರೆ ಹಲಗೆ ಮುರಿದು ಗಿಡ್ಡವಾಗಬೇಕು. ತಳಪಾಯದ ವಿಷಯಕ್ಕೆ ಮಾತ್ರ ಇಬ್ಬರಿಗೂ ಜಗಳವಾಯಿತು. ತಳಪಾಯ ಬೇಕೇ ಬೇಕೆಂದಳು ಅಜ್ಜಿ. ಅದನ್ನು ಹಾಕಿದರೆ ಚೆಂಡು ಮೇಲೆ ಹೋಗುವುದು ಹೇಗೆಂದಳು ಸುಕನ್ಯ. ಎಲ್ಲಕ್ಕಿಂತ ಕೆಳಗಿನ ಇಟ್ಟಿಗೆ ಸಾಲನ್ನು ದೇವರೇ ಹಿಡಿದುಕೊಂಡಿದ್ದಾನೆ ಎಂದು ಕೊನೆಗೆ ರಾಜಿಯಾದರು.

ಶುಕ್ರವಾರ ಅಕ್ಕಯಮ್ಮ ಹೊಸ ಸೀರೆ ಉಟ್ಟು ತಾನೂ ಆಟೋ ಹತ್ತಿದಳು. ಬೇಡವೆಂದರೆ ಕೇಳುವ ಜೀವವೇ ಅದು?

ಮೊದಲು ಕೂತದ್ದು ರಿಸೆಪ್ಷನ್ನಿನ ಅಲಮೇಲು. ಎರಡನೇ ನಿಮಿಷಕ್ಕೆ ಫೋನ್ ಬಡಿದುಕೊಂಡಿತು, ಎದ್ದುಹೋದಳು. ಭಾರ್ಗವ್ ಕೈಯಲ್ಲಿ ಗಡಿಯಾರ ಹಿಡಿದು ತಲೆಯಾಡಿಸಿದ. ಇನ್ನು ಇಬ್ಬರೂ ಉಳಿಯಲೇಬೇಕು.

ಎರಡನೆಯವರು ನಾಣಿ ಮಾಮ. ಫ್ಯಾಕ್ಟರಿ ಕೆಲಸದಿಂದ ರಿಟೈರಾಗಿ ಇಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಕಂಡರೆ ಮೂಗು ಮುರಿಯುವವರು. ಒಂದು ಇಟ್ಟಿಗೆ ವಾಲಿತು. "ಅಯ್ಯಯ್ಯೋ, ಬಿತ್ತು, ಬಿತ್ತು!" ಎಂದು ಕುರ್ಚಿಯ ತುದಿಗೆ ಬಂದರು. ಐದು ನಿಮಿಷವಾಯಿತು, ಎಂಟಾಯಿತು. ಕೊನೆಗೆ ಅವರನ್ನು ಬಲವಂತವಾಗಿ ಎಬ್ಬಿಸಬೇಕಾಯಿತು.

ಉಳಿದವಳು ಮಧುರಾ. ನಾಲ್ಕನೇ ನಿಮಿಷಕ್ಕೆ ಅವಳ ಈಮೇಲ್ ಟಿಂಗ್ ಎಂದಿತು, ಕೈ ಆ ಕಡೆ ಹೋಯಿತು. ಸುಕನ್ಯ ಕಣ್ಣು ಮುಚ್ಚಿಕೊಂಡಳು.

"ತಡಿ, ತಡಿ. ಇದೊಂದು ವಾಲ್ಕೊಂಡಿದೆ, ಬೀಳಿಸ್ಬಿಡ್ತೀನಿ" ಎಂದಳು ಮಧುರಾ.

ಅದೊಂದು ಬೀಳುವಾಗ ಮೇಲಿನ ಆರನ್ನೂ ಎಳೆದುಕೊಂಡು ಬಿತ್ತು. ಮಧುರಾ ಕಿರುಚಿದಳು. ಭಾರ್ಗವ್ ಐದು ನಿಮಿಷವಾಯಿತೆಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಒಂಬತ್ತನೇ ನಿಮಿಷಕ್ಕೆ ಕೊನೆಯ ಇಟ್ಟಿಗೆಯೂ ಹೋಗಿ ಪರದೆ ಖಾಲಿಯಾಯಿತು. ಇಡೀ ಆಫೀಸು ಹೋ ಎಂದಿತು. ಸುಕನ್ಯ ಗೆದ್ದಿದ್ದಳು.

ಅಕ್ಕಯಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು ಖಾಲಿ ಪರದೆಯನ್ನೇ ನೋಡಿದಳು.

"ಅಲ್ರಪ್ಪಾ, ಎಲ್ಲಾ ಕೆಡವಿ ಕುಣೀತಿದೀರಲ್ಲ. ಇನ್ನ ಕಟ್ಟೋರ್ಯಾರು?"

"ನಿಮ್ಮ ಮೊಮ್ಮಗಳೇ ಅಜ್ಜಿ. ಸೋಮವಾರದಿಂದ ಇವ್ರಿಗೆ ಅದೇ ಕೆಲ್ಸ" ಎಂದ ಭಾರ್ಗವ್.

ಅಜ್ಜಿ ಸುಕನ್ಯಳ ಕೈ ಎಳೆದುಕೊಂಡು ಅಂಗೈ ತಿರುಗಿಸಿ ನೋಡಿದಳು. ಮಣ್ಣು ಮುಟ್ಟದ ನುಣ್ಣನೆಯ ಕೈ.

"ಇಟ್ಟಿಗೆ ಕೆಲಸ ನಮ್ಮನ್ಯಾಗೆ ನನ್ನ ಕಾಲಕ್ಕೇ ಮುಗೀತು ಅಂದ್ಕಂಡಿದ್ದೆ ಕಣೇ" ಎಂದಳು.

ಸುಕನ್ಯಳಿಗೆ ಅಷ್ಟು ಜನರ ಮುಂದೆಯೇ ಸಂತೋಷಕ್ಕೆ ಅಳು ಬಂತು.