ರಬ್ಬರ್ ಸೂಟಿನ ಅಪ್ಪ

ಬೆಳಗ್ಗೆ ಎಂಟಕ್ಕೆ ನಮ್ಮ ಸ್ಕೂಲಿನ ಗೇಟಿನಲ್ಲಿ ನಿಂತರೆ ಊರಿನ ಹಾಸಿಗೆಗಳೆಲ್ಲ ಎದ್ದು ನಡೆದು ಬಂದಂತೆ ಕಾಣುತ್ತದೆ. ನೈಟಿಯ ಮೇಲೆ ಟವೆಲ್ ಹೊದ್ದ ತಾಯಂದಿರು, ತೂತುಬಿದ್ದ ಬನಿಯನ್ನಿನ ಅಪ್ಪಂದಿರು. ಒಬ್ಬ ಮಹಾನುಭಾವರಂತೂ ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡೇ ಬಂದಿದ್ದರು. ಮಕ್ಕಳು ಮಾತ್ರ ಇಸ್ತ್ರಿ ಹಾಕಿದ ಯೂನಿಫಾರಂನಲ್ಲಿ ಟಿಪ್‌ಟಾಪ್. ಹದಿನಾರು ವರ್ಷದಿಂದ ಗೇಟು ಕಾಯುತ್ತಿರುವ ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ‘ಸಭ್ಯ ಉಡುಪಿನಲ್ಲಿ ಬಾರದ ಪೋಷಕರಿಗೆ ಪ್ರವೇಶವಿಲ್ಲ’ ಎಂದು ಹೆಡ್‌ಮೇಡಂ ಬೋರ್ಡು ಬರೆಸಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಉಳಿದವರೆಲ್ಲ ಒಂದು ತೂಕವಾದರೆ ಮೀನಪ್ಪನೇ ಒಂದು ತೂಕ. ಅದು ಮಕ್ಕಳು ಇಟ್ಟ ಹೆಸರು. ಅವನದು ಅಗ್ನಿಶಾಮಕ ದಳದಲ್ಲಿ ನೀರಿಗೆ ಬಿದ್ದವರನ್ನು ಮುಳುಗಿ ತೆಗೆಯುವ ಕೆಲಸ. ಒಂದನೇ ಕ್ಲಾಸಿನ ಮಗಳನ್ನು ಬಿಡಲು ಕುತ್ತಿಗೆಯಿಂದ ಕಾಲಿನ ಗಂಟಿನವರೆಗೆ ಮೈಗೆ ಅಂಟಿಕೊಂಡ ಕರಿ ರಬ್ಬರ್ ಸೂಟಿನಲ್ಲೇ ಬರುತ್ತಿದ್ದ. ಹೊಟ್ಟೆ ಎಷ್ಟಿದೆ, ಮಂಡಿಚಿಪ್ಪು ಎಲ್ಲಿದೆ, ಎಲ್ಲ ಜಗಜ್ಜಾಹೀರು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಪೋಷಕರ ಸಭೆಯ ದಿನ ನಾನು ಮೊದಲೇ ಸಜ್ಜಾಗಿದ್ದೆ. ನಮ್ಮ ಯಜಮಾನರ ಪ್ಯಾಂಟು, ಹೊಸ ಬಿಳಿ ಶರ್ಟು ಮನೆಯಿಂದ ತಂದು ಗೇಟಿನ ಪಕ್ಕದ ನನ್ನ ಕಾವಲು ಗೂಡಿನಲ್ಲಿಟ್ಟಿದ್ದೆ.

“ಏನಪ್ಪಾ, ಟೀಚರ್ ಮುಂದೆ ಹೀಗೇ ಹೋಗಿ ಕೂರ್ತೀಯಾ?”

“ಡ್ಯೂಟಿ ಇದೆ ಅಮ್ಮಾ. ಕರೆ ಬಂದ್ರೆ ತಕ್ಷಣ ನೀರಿಗಿಳೀಬೇಕು. ಇದನ್ನ ಹಾಕ್ಕೊಳ್ಳೋಕೇ ಕಾಲು ಗಂಟೆ ಬೇಕು. ಮೈಗೆಲ್ಲ ಪೌಡರ್ ಬಳ್ಕೊಂಡು, ಹೆಂಡ್ತಿ ಹತ್ರ ಬೆನ್ನಿನ ಜಿಪ್ ಎಳೆಸ್ಕೊಂಡು...”

“ಅರ್ಧ ಗಂಟೆ ಸಭೆ. ಅಷ್ಟರಲ್ಲಿ ಯಾರಪ್ಪ ಮುಳುಗೋದು?” ಎಂದು ಪ್ಯಾಂಟು-ಶರ್ಟು ಚಾಚಿದೆ.

ಅವನು ಇಲ್ಲವೆನ್ನುತ್ತಿದ್ದನೇನೋ. ಅಷ್ಟರಲ್ಲಿ ಮಗಳು ಅವನ ಬೆರಳು ಜಗ್ಗಿ, “ಇವತ್ತೊಂದಿನ ಎಲ್ಲರ ಅಪ್ಪನ ಥರ ಬಾ ಅಪ್ಪಾ” ಅಂದಳು. ಅವನ ಮುಖ ಸಪ್ಪಗಾಯಿತು. ನನ್ನ ಗೂಡಿಗೆ ನುಗ್ಗಿ ಸೂಟು ಕಳಚಿಟ್ಟು ಬಂದ. ಬಿಳಿ ಶರ್ಟಿನಲ್ಲಿ ಮದುಮಗನಂತೆ ಕಂಡ. ನಾನು ಗೆದ್ದೆನೆಂದು ಬೀಗಿದೆ.

ಹತ್ತು ನಿಮಿಷವೂ ಆಗಿರಲಿಲ್ಲ, ಸಭೆಯಿಂದ ಓಡುತ್ತಾ ಬಂದ. ಸ್ಕೂಲಿನ ಹಿಂದಿನ ಕಾಲುವೆಗೆ ಹಾಲಿನ ವ್ಯಾನು ಉರುಳಿದೆ, ಡ್ರೈವರ್ ಒಳಗೇ ಇದ್ದಾನೆ ಎಂದು ಫೋನು ಬಂದಿತ್ತು. ಗೂಡಿನ ಬಾಗಿಲಲ್ಲಿ ನಿಂತು ಸೂಟನ್ನು ಒಮ್ಮೆ ನೋಡಿದ, ಅಷ್ಟೇ. ಶರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಗುಂಡಿಗಳು ಚಟಪಟ ಸಿಡಿದವು. ಪ್ಯಾಂಟನ್ನೂ ಅಲ್ಲೇ ಕಳಚಿ ಒದ್ದು, ಬರೀ ಚಡ್ಡಿಯಲ್ಲಿ, ಹೆಡ್‌ಮೇಡಂ ಮುಂದೆಯೇ, ಆ ಬೋರ್ಡಿನ ಪಕ್ಕದಲ್ಲೇ ಗೇಟು ದಾಟಿ ಓಡಿದ. ಯಾರೂ ನಗಲಿಲ್ಲ.

ನಾನು ಸೂಟನ್ನು ಎದೆಗವಚಿಕೊಂಡು ಹಿಂದೆಯೇ ಓಡಿದೆ. ಯಾಕೆ ತಂದೆನೋ ದೇವರಿಗೇ ಗೊತ್ತು. ಕಾಲುವೆಯಲ್ಲಿ ವ್ಯಾನಿನ ಒಂದು ಚಕ್ರ ಮಾತ್ರ ಮೇಲಿತ್ತು. ಅವನಾಗಲೇ ನೀರೊಳಗಿದ್ದ. ದಡದಲ್ಲಿ ಬಗ್ಗಿ ಕೈ ಅದ್ದಿದೆ. ಅಬ್ಬಾ, ಬೆರಳು ಮರಗಟ್ಟಿಹೋಯಿತು! ಈ ನೀರಿಗೆಂದೇ ಹೊಲಿದ ಸೂಟು ನನ್ನ ಕಂಕುಳಲ್ಲಿ, ಮನುಷ್ಯ ಬರಿಮೈಯಲ್ಲಿ ಆ ನೀರೊಳಗೆ.

ಮೇಲೆ ಬಂದ, ಉಸಿರೆಳೆದ, ಮತ್ತೆ ಹೋದ. ನಾನು ಎಣಿಸತೊಡಗಿದೆ. ಮೂವತ್ತು. ಐವತ್ತು. ಪಕ್ಕದಲ್ಲಿದ್ದ ನೈಟಿಯವಳು ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಎಪ್ಪತ್ತು. ಇವನು ಮೇಲೆ ಬರದಿದ್ದರೆ ಆ ಮಗುವಿಗೆ ನಾನು ಏನು ಹೇಳಲಿ? ತೊಂಬತ್ತಕ್ಕೆ ನನ್ನ ಎಣಿಕೆ ನಿಂತಿತು. ಅಷ್ಟು ಹೊತ್ತು ಉಸಿರಿಲ್ಲದೆ ಇರುವ ಜೀವವನ್ನು ನಾನು ಕಂಡಿರಲಿಲ್ಲ.

ನೀರು ಒಡೆಯಿತು. ಮೊದಲು ಬಂದದ್ದು ಡ್ರೈವರನ ತಲೆ. ಅದನ್ನು ಮೀನಪ್ಪ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ, ತನ್ನ ಮುಖ ಇನ್ನೂ ನೀರೊಳಗಿದ್ದರೂ. ಜನ ಎಳೆದುಕೊಂಡರು. ಡ್ರೈವರ್ ನೀರು ಕಾರಿ, ಕೆಮ್ಮಿ, ಅಳುವುದಕ್ಕೆ ಶುರುಮಾಡಿದ. ಆ ಅಳು ಕೇಳಿ ನಮಗೆಲ್ಲ ಕಣ್ಣು ತುಂಬಿತು.

ಮೀನಪ್ಪ ಕಲ್ಲಿಗೊರಗಿ ಕುಳಿತ. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ವ್ಯಾನಿನ ಹರಿದ ತಗಡು ತೊಡೆಯನ್ನು ಉದ್ದಕ್ಕೆ ಸೀಳಿತ್ತು. ಸೂಟು ಮೈಮೇಲಿದ್ದಿದ್ದರೆ ರಬ್ಬರ್ ಹರಿಯುತ್ತಿತ್ತು, ತೊಡೆಯಲ್ಲ. ಆ ಗಾಯ ನಾನು ಮಾಡಿದ್ದು. ಅವನ ಮುಂದೆ ಕುಳಿತೆ. ಅವನು ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಅಮ್ಮಾ,” ಅಂದ, ನಡುಗುತ್ತಾ. “ಹೊಸ ಶರ್ಟು... ಹರಿದುಬಿಟ್ಟೆ. ಯಜಮಾನ್ರಿಗೆ ಏನಂತ ಹೇಳ್ತೀರಿ?”

ನಾನು ಎರಡೂ ಅಂಗೈಯಿಂದ ಆ ಗಾಯವನ್ನು ಒತ್ತಿ ಹಿಡಿದೆ. ಬೆರಳ ಸಂದಿಯಿಂದ ಬಿಸಿ ರಕ್ತ ಬರುತ್ತಿತ್ತು. ಆಂಬುಲೆನ್ಸ್ ಬಂದು, ಇನ್ನು ಬಿಡಿ ಅಮ್ಮಾ ಎಂದು ನರ್ಸು ಎರಡು ಸಲ ಹೇಳುವವರೆಗೂ ನಾನು ಕೈ ತೆಗೆಯಲಿಲ್ಲ.