ವಾರಿಜಳ ಬಟನ್

ಲೋಲಾಕ್ಷಿಯ ಮಗಳಿಗೆ ಹೆಸರಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬರುವ ಮೊದಲೇ ಮಗು ತೀರಿಕೊಂಡಿತು. ಗಂಡನ ಅಣ್ಣ ಶೀನಪ್ಪ ಅದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಗುಡ್ಡೆಯ ಬದಿಗೆ ಒಯ್ದು ಮಣ್ಣು ಮಾಡಿ ಬಂದ. ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು ಊಟಕ್ಕೆ ಕೂತ. ಅಂದು ಹುರುಳಿ ಸಾರು ಮಾಡಿದ್ದರು. ಲೋಲಾಕ್ಷಿಗೆ ಇವತ್ತಿಗೂ ಹುರುಳಿ ಸಾರು ಸೇರುವುದಿಲ್ಲ.

ಆಮೇಲೆ ಬೆಳುವಾಯಿಯ ಆ ಮನೆಯಲ್ಲಿ ಮಗುವಿನ ಸುದ್ದಿ ಯಾರೂ ಎತ್ತಲಿಲ್ಲ. ಲೋಲಾಕ್ಷಿಯ ಗಂಡ ಮುಂಬಯಿಯ ಹೋಟೆಲಿಗೆ ಹೋದವನು ಅಲ್ಲೇ ಜ್ವರ ಹಿಡಿದು ಸತ್ತ. ತವರಿನಲ್ಲಿ ಕರೆಯುವವರಿರಲಿಲ್ಲ. ಹಾಗಾಗಿ ಅವಳು ಬಾವನ ಮನೆಯ ಹಿಂಬದಿಯ ಜಗಲಿಯಲ್ಲಿ ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತ ಉಳಿದಳು. ತಡ್ಪೆಯೆಂದರೆ ಅಕ್ಕಿ ಗೇರುವ ಮೊರ. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಅವಳ ಸಂಸಾರ ಅಷ್ಟೇ.

ಇಪ್ಪತ್ತೆರಡು ವರ್ಷ ಕಳೆದ ಮೇಲೆ ಮನೆಯವರಿಗೆ ಆ ಮಗುವಿನ ನೆನಪಾಯಿತು. ಪ್ರೀತಿಯಿಂದ ಅಲ್ಲ. ಶೀನಪ್ಪನ ಮಗ ಸಂದೇಶನಿಗೆ ನೋಡಿದ ಸಂಬಂಧಗಳೆಲ್ಲ ಒಂದೊಂದಾಗಿ ಮುರಿದುಬಿದ್ದವು. ಹುಡುಗಿ ನೋಡುವುದಕ್ಕೆಂದೇ ಹೊಲಿಸಿದ ಅಂಗಿ ಮಾಸಲಾರಂಭಿಸಿತು. ಬಲಿಮೆ ನೋಡುವವನು ಕವಡೆ ಚೆಲ್ಲಿ, ಮನೆಯಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ಕುಲೆಯೊಂದು, ಎಂದರೆ ಸತ್ತವಳ ಪ್ರೇತ, ಬಾಗಿಲಿಗೆ ಅಡ್ಡ ಕೂತಿದೆ, ಅದರ ಮದುವೆಯಾಗದೆ ಬೇರೆ ಮದುವೆ ನಡೆಯಲಿಕ್ಕಿಲ್ಲ ಎಂದ. ಮದುವೆಯಾಗದೆ ಸತ್ತವರಿಗೆ, ಅವರು ಬದುಕಿದ್ದರೆ ಆಗುತ್ತಿದ್ದ ಪ್ರಾಯದಲ್ಲಿ, ಇನ್ನೊಂದು ಮನೆಯ ಸತ್ತವರನ್ನು ಹುಡುಕಿ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುವುದು ಆ ಕಡೆಯ ಕ್ರಮ.

"ಸತ್ತ ಮೇಲೂ ನಿನ್ನ ಮಗಳ ಉಪದ್ರ ತಪ್ಪಲಿಲ್ಲ ನೋಡು" ಎಂದಳು ಶೀನಪ್ಪನ ಹೆಂಡತಿ ಪ್ರೇಮಾವತಿ.

"ಹಾಲು ಕುಡಿಯುವ ಮಗು ಅಕ್ಕ ಅದು. ಅಡ್ಡ ಕೂರ್ಲಿಕ್ಕೆ ಅದಕ್ಕೆ ಕೂತುಕೊಳ್ಳಲಿಕ್ಕೇ ಬರ್ತಿರ್ಲಿಲ್ಲ" ಎಂದಳು ಲೋಲಾಕ್ಷಿ.

ಆ ಮಾತಿಗೆ ಅವತ್ತಿಡೀ ಅವಳೊಡನೆ ಯಾರೂ ಮಾತಾಡಲಿಲ್ಲ. ಅದೇನೂ ಅವಳಿಗೆ ಹೊಸತಲ್ಲ.

ಅವಳಿಗೆ ಹೊಸತಾಗಿದ್ದದ್ದು ಭಾನುವಾರ. ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಗೆಳತಿ ಸೈನಬ ಮಳೆಗಾಲಕ್ಕೆ ಮುಂಚೆ ಒಂದು ದಿನ ಅವಳನ್ನು ಹಕೀಂ ಬ್ಯಾರಿಯ ಟೈಲರ್ ಅಂಗಡಿಗೆ ಕರೆದೊಯ್ದಿದ್ದಳು. ಅಬ್ದುಲ್ ಹಕೀಂ ಮದ್ರಾಸಿನಲ್ಲಿ ಬಹಳ ವರ್ಷ ಹೊಲಿಗೆ ಮಾಡಿ ಊರಿಗೆ ಮರಳಿದವರು. ಅಲ್ಲಿ ಅವರ ಅಂಗಡಿಯ ಗಲ್ಲಿಯಲ್ಲಿ ಯುನಿಟೇರಿಯನ್ನರ ಒಂದು ಪ್ರಾರ್ಥನಾ ಸಭೆ ಇತ್ತಂತೆ. ಯಾವ ಮತದವರಾದರೂ ಭಾನುವಾರ ಅಲ್ಲಿ ಹೋಗಿ ಕೂರಬಹುದಿತ್ತು, ನೀನು ಯಾರೆಂದು ಕೇಳುವವರಿರಲಿಲ್ಲ. ಹಕೀಂ ಅದನ್ನೇ ಬೆಳುವಾಯಿಗೆ ತಂದರು. ಶುಕ್ರವಾರ ಮಸೀದಿಗೆ ಹೋಗುವುದನ್ನೇನೂ ಬಿಡಲಿಲ್ಲ. ಅಲ್ಲಿ ಅವರನ್ನು 'ಭಾನುವಾರದ ಹಕೀಂ' ಎಂದು ಗೇಲಿ ಮಾಡುತ್ತಿದ್ದರು. ಸ್ವಂತ ತಮ್ಮನೇ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟಿದ್ದ.

ಮೊದಲ ದಿನ ಲೋಲಾಕ್ಷಿ ಸುತ್ತ ನೋಡಿದಳು. ಮೆಷಿನ್‌ಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಸ್ಟೂಲಿನ ಮೇಲೆ ಸ್ಟೀಲ್ ಲೋಟದಲ್ಲಿ ಎಣ್ಣೆ ಹಾಕಿ ಬತ್ತಿ ಹಚ್ಚಿಟ್ಟಿದ್ದರು. ಪಕ್ಕದಲ್ಲಿ ಗಾಜಿನ ಬೋಗುಣಿ ತುಂಬ ನೀರು. ಜನವೆಂದರೆ ಸೈನಬ, ನಾರಾವಿಯಿಂದ ಬಸ್ಸು ಬದಲಿಸಿ ಬರುವ ಒಬ್ಬ ನಿವೃತ್ತ ಮಾಸ್ಟ್ರು, ಕಿವಿ ಕೇಳದ ಒಬ್ಬಳು ಮೀನಿನ ಹೆಂಗಸು.

"ಇದೆಂತ ಪೂಜೆ ಮಾರಾಯ್ತಿ? ಫೋಟೋ ಇಲ್ಲ, ಶಿಲುಬೆ ಇಲ್ಲ, ಪ್ರಸಾದವೂ ಇಲ್ಲ" ಎಂದು ಅವಳು ಪಿಸುಗುಟ್ಟಿದಳು.

"ಆಮೇಲೆ ಚಾ ಉಂಟು, ಕೂತ್ಕೋ ಲೋಲಕ್ಕ" ಎಂದಳು ಸೈನಬ.

"ನನಗೆ ನಾಳೆಗೆ ಬೀಡಿ ಕೊಡ್ಲಿಕ್ಕುಂಟು. ಸುಮ್ಮನೆ ಕೂತರೆ ಆಗುದಿಲ್ಲ."

ಹಕೀಂ ಕೇಳಿಸಿಕೊಂಡು, "ತಡ್ಪೆ ತನ್ನಿ, ಕಟ್ಟಿಕೊಂಡೇ ಕೂತುಕೊಳ್ಳಿ. ನಿಮ್ಮ ದೇವರನ್ನು ಹೊರಗೆ ಬಿಟ್ಟು ಬರಬೇಕೆಂದಿಲ್ಲ ಅಂದ ಮೇಲೆ ಬೀಡಿಯನ್ನು ಬಿಟ್ಟು ಬನ್ನಿ ಅಂತ ಹೇಳ್ಲಿಕ್ಕಾಗ್ತದಾ?" ಎಂದರು.

ಮುಂದಿನ ಭಾನುವಾರ ಅವಳು ತಡ್ಪೆ ಹಿಡಿದುಕೊಂಡೇ ಬಂದಳು. ಮಾಸ್ಟ್ರಿಗೆ ಹೊಗೆಸೊಪ್ಪಿಗೆ ಸೀನು ಬರುತ್ತಿತ್ತು. ಸೀನಿಕೊಂಡೇ ಕೂತರು. ಮುಂದಿನ ಭಾನುವಾರ ಅವಳು ತಡ್ಪೆ ಹಿಡಿದುಕೊಂಡೇ ಬಂದಳು. ಹಕೀಂ ಯಾವುದೋ ಪುಸ್ತಕದಿಂದ ನಾಲ್ಕು ಸಾಲು ಓದುತ್ತಿದ್ದರು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಿದ್ದರು. ಅದಾದ ಮೇಲೆ ಬಟನ್ ಡಬ್ಬಿ ಕೈಯಿಂದ ಕೈಗೆ ಬರುತ್ತಿತ್ತು. ವಾರದಲ್ಲಿ ಮನಸ್ಸಿಗೆ ತಾಗಿದ್ದು ಏನಿದ್ದರೂ ಒಂದು ಬಟನ್ ತೆಗೆದು ನೀರಿಗೆ ಹಾಕಿ ಹೇಳಬಹುದು. ಹೇಳದೆಯೂ ಹಾಕಬಹುದು. ಹೇಳಿದರೆ ಉಳಿದವರು "ಕೇಳಿದೆವು" ಎನ್ನುತ್ತಿದ್ದರು. ಪರಿಹಾರ ಹೇಳುವವರಿಲ್ಲ, ಕವಡೆ ಚೆಲ್ಲುವವರಿಲ್ಲ. ಲೋಲಾಕ್ಷಿ ಬಹಳ ಭಾನುವಾರ ಬಾಯಿ ಮುಚ್ಚಿಯೇ ಬಟನ್ ಹಾಕಿದಳು.

ಶಿರ್ತಾಡಿಯಲ್ಲಿ ಒಂದು ಗಂಡು ಕುಲೆ ಸಿಕ್ಕಿತೆಂದು ಮನೆಯಲ್ಲಿ ಗುಸುಗುಸು ಶುರುವಾದ ವಾರ ಅವಳು ಬಾಯಿ ತೆರೆದಳು.

"ನನಗೆ ಒಬ್ಬಳು ಮಗಳಿದ್ದಳು. ವಾರಿಜ" ಎಂದಳು.

ಬಸುರಿಯಿದ್ದಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು ಅದು. ಗಂಡನಿಗೂ ಹೇಳಿರಲಿಲ್ಲ. ಬಿಳಿ ಬಟನ್ ಬೋಗುಣಿಯ ತಳಕ್ಕೆ ಹೋಗಿ ಕೂತಿತು.

"ಕೇಳಿದೆವು" ಎಂದರು ಉಳಿದವರು. ಮೀನಿನ ಹೆಂಗಸು ಅವರ ತುಟಿ ನೋಡಿ ತಡವಾಗಿ ಅಂದಳು. ಲೋಲಾಕ್ಷಿ ಮತ್ತೆ ಬೀಡಿ ಕಟ್ಟತೊಡಗಿದಳು. ಅಂದು ಕಟ್ಟಿದ ಬೀಡಿಗಳು ಸಡಿಲವಾಗಿ, ಬ್ರಾಂಚಿನವನು ಮರುದಿನ ಅರ್ಧಕ್ಕರ್ಧ ಎತ್ತಿ ಎಸೆದ.

ಆ ವಾರವೇ ಶಿರ್ತಾಡಿಯ ತುಕ್ರಪ್ಪ ಮಾತುಕತೆಗೆ ಬಂದ. ಸಣ್ಣದರಲ್ಲಿ ಬಾವಿಗೆ ಬಿದ್ದು ಸತ್ತ ಅವನ ತಮ್ಮನೇ ವರ. ಜಗಲಿಯಲ್ಲಿ ಚಾಪೆ ಹಾಸಿ, ವೀಳ್ಯದ ತಟ್ಟೆ ಇಟ್ಟಿದ್ದರು. ಜೀವ ಇದ್ದವರ ಸಂಬಂಧಕ್ಕೆ ಎಷ್ಟು ಮರ್ಯಾದೆಯೋ ಅಷ್ಟೇ ಮರ್ಯಾದೆ. ಸಂದೇಶ ಅದೇ ಹುಡುಗಿ ನೋಡುವ ಅಂಗಿ ಹಾಕಿ ಕಂಬಕ್ಕೆ ಒರಗಿ ನಿಂತಿದ್ದ.

"ಹುಡುಗಿಯ ಹೆಸರೆಂತ?" ಎಂದ ತುಕ್ರಪ್ಪ.

"ಹೆಸರು ಇಟ್ಟಿರ್ಲಿಲ್ಲ. ಬಲಿಮೆಯವರು ಅಕ್ಷರ ಕೊಟ್ಟಿದ್ದಾರೆ. ಸುಮತಿ ಅಂತ ಇಡುವುದು" ಎಂದಳು ಪ್ರೇಮಾವತಿ.

ಹಿಂಬದಿಯಿಂದ ಲೋಲಾಕ್ಷಿ, "ಅವಳಿಗೆ ಹೆಸರುಂಟು. ವಾರಿಜ" ಎಂದಳು.

ಪ್ರೇಮಾವತಿ ಗರ್ರನೆ ತಿರುಗಿದಳು. "ಯಾವಾಗ ಇಟ್ಟದ್ದು ನೀನು?"

"ಹೋದ ಭಾನುವಾರ."

"ಎಲ್ಲಿ?"

ಅಲ್ಲಿ ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಲೋಲಾಕ್ಷಿಗೆ ಹೊಳೆಯಲಿಲ್ಲ. "ಹಕೀಂ ಬ್ಯಾರಿಗಳ ಅಂಗಡಿಯಲ್ಲಿ. ಪ್ರಾರ್ಥನೆ ಮಾಡುವಲ್ಲಿ."

ತುಕ್ರಪ್ಪ ಎತ್ತಿದ ವೀಳ್ಯದೆಲೆಯನ್ನು ತಟ್ಟೆಗೆ ಮರಳಿ ಇಟ್ಟ. "ಬ್ಯಾರಿಯ ಹತ್ರ ಭಾನುವಾರ ಎಂತ ಪ್ರಾರ್ಥನೆ?"

"ಅದು ಬ್ಯಾರಿಗಳದ್ದೂ ಅಲ್ಲ, ಇಗರ್ಜಿಯ ಪೊರ್ಬುಗಳದ್ದೂ ಅಲ್ಲ. ಎಲ್ಲರದ್ದು."

"ಅಲ್ಲಿ ನೀರು ಉಂಟಾ?"

"ಬೋಗುಣಿಯಲ್ಲಿ ಉಂಟು. ಬಟನ್ ಹಾಕ್ಲಿಕ್ಕೆ."

"ಭಾನುವಾರ, ನೀರು, ಹೆಸರು" ಎಂದ ತುಕ್ರಪ್ಪ. "ಇನ್ನೆಂತ ಬಾಕಿ ಉಂಟು ಶೀನಪ್ಪಣ್ಣ? ಹುಡುಗಿಯನ್ನು ಸೇರಿಸಿ ಆಗಿದೆ. ಬೇರೆ ಮತಕ್ಕೆ ಹೋದವಳನ್ನು ನನ್ನ ತಮ್ಮನಿಗೆ ತಂದರೆ ನಾಳೆ ನನ್ನ ಮನೆಯಲ್ಲಿ ಸತ್ತವರಿಗೆ ಅಗೆಲು ಬಡಿಸುವಾಗ ಅವಳಿಗೆ ಎಂತ ಬಡಿಸುವುದು?"

"ಸತ್ತವಳನ್ನು ಹೇಗೆ ಸೇರಿಸುವುದು?" ಎಂದಳು ಲೋಲಾಕ್ಷಿ.

"ಸತ್ತವಳಿಗೆ ಮದುವೆ ಮಾಡ್ಲಿಕ್ಕಾಗ್ತದೆ ಅಂತಾದ್ರೆ ಮತ ಬದಲಿಸ್ಲಿಕ್ಕೆ ಆಗುದಿಲ್ವಾ?" ಎಂದು ತುಕ್ರಪ್ಪ ಚಪ್ಪಲಿ ಮೆಟ್ಟಿದ.

ಸಂದೇಶ ವೀಳ್ಯದ ತಟ್ಟೆಯನ್ನು ಒದ್ದ. ಅಡಿಕೆ ಹೋಳುಗಳು ಅಂಗಳಕ್ಕೆ ಹಾರಿದವು.

ಭಾನುವಾರ ಲೋಲಾಕ್ಷಿ ಹೋಗಬಾರದಿತ್ತು. ಹೋದಳು. ಲೋಟದ ಬತ್ತಿ ಹಚ್ಚಿ ಹಕೀಂ ಓದಲು ಕೂತಿದ್ದರಷ್ಟೆ, ಹೊರಗೆ ಬೈಕ್‌ಗಳು ನಿಂತವು. ಸಂದೇಶ ಚಪ್ಪಲಿ ಕಾಲಲ್ಲೇ ಚಾಪೆ ತುಳಿದ. ಹಿಂದಿನಿಂದ ಅವನ ದೋಸ್ತಿಗಳು, ಅವರ ಹಿಂದೆ ಏದುಸಿರು ಬಿಡುತ್ತ ಶೀನಪ್ಪ.

"ನಮ್ಮ ಹುಡುಗಿಯನ್ನು ವಾಪಸ್ ಕೊಡಿ" ಎಂದ ಸಂದೇಶ.

ಹಕೀಂರಿಗೆ ಅರ್ಥವಾಗಲಿಲ್ಲ. ಲೋಲಾಕ್ಷಿಯ ಕಡೆ ಕೈ ತೋರಿಸಿ, "ಅವರನ್ನು ನಾನೇನೂ ಕಟ್ಟಿ ಹಾಕಿಲ್ಲ" ಎಂದರು.

"ಇವಳಲ್ಲ. ಸತ್ತವಳು. ಅವಳ ಹೆಸರಲ್ಲಿ ನೀರಿಗೆ ಹಾಕಿದ್ದೀರಲ್ಲ, ಆ ಬಟನ್. ಅದನ್ನು ಕೊಡಿ. ನಾವು ಶುದ್ಧ ಮಾಡಿಸ್ತೇವೆ."

"ಅದು ಇಲ್ಲ."

"ಇಲ್ಲ ಅಂದ್ರೆ?"

ಹಕೀಂ ನೇರ ಮನುಷ್ಯ. ಸಮಯ ನೋಡಿ ಮಾತಾಡುವುದು ಅವರಿಗೆ ಗೊತ್ತಿರಲಿಲ್ಲ. "ನೀರಿಗೆ ಹಾಕಿದ್ದನ್ನು ಒರಸಿ ಮತ್ತೆ ಡಬ್ಬಿಗೇ ಹಾಕ್ತೇನೆ. ಸೋಮವಾರದಿಂದ ಕೆಲಸ ಉಂಟಲ್ಲ. ಶಾಲೆಯ ಯೂನಿಫಾರ್ಮ್ ಹೊಲಿದು ಕೊಟ್ಟಾಯ್ತು. ಯಾವುದೋ ಮಗುವಿನ ಅಂಗಿಯಲ್ಲಿ ಉಂಟು ಅದು."

ದೋಸ್ತಿಗಳಲ್ಲೊಬ್ಬ ಸಂದೇಶನನ್ನು ಮೇಲಿಂದ ಕೆಳಗೆ ನೋಡಿದ. "ಮಾರಾಯ, ನಿನ್ನ ಈ ಅಂಗಿ ಹೊಲಿದದ್ದು ಯಾರು?"

ಹುಡುಗಿ ನೋಡುವ ಅಂಗಿ. ಹೊಲಿದವರು ಹಕೀಂ. ಬೆಳುವಾಯಿಯಲ್ಲಿ ಅಂಗಿ ಹೊಲಿಯುವವರು ಬೇರೆ ಯಾರಿದ್ದಾರೆ?

ಸಂದೇಶ ಕೆಳಗೆ ನೋಡಿಕೊಂಡ. ಎದೆಯ ಮೇಲೆ ಬಿಳಿ ಬಟನ್‌ಗಳು ಸಾಲಾಗಿ ಕೂತಿದ್ದವು. ಯಾರು ಯಾವ ಭಾನುವಾರ ಏನು ಹೇಳಿ ನೀರಿಗೆ ಹಾಕಿದ್ದೋ ಬಲ್ಲವರು ಯಾರು? ಮೈಮೇಲೆ ಜಿಗಣೆ ಹತ್ತಿದವನಂತೆ ಅವನು ಅವನ್ನು ಕಿತ್ತು ಎಸೆದ. ಬಟ್ಟೆ ಹರಿಯಿತು. ಸೈನಬಳಿಗೆ ತಡೆಯಲಾಗದೆ ನಗು ಬಂತು. ಆ ನಗುವೇ ಕೆಡಿಸಿತು. ಸಂದೇಶ ಬೋಗುಣಿಯನ್ನು ಗೋಡೆಗೆ ಅಪ್ಪಳಿಸಿದ. ಇಬ್ಬರು ಸೇರಿ ದೊಡ್ಡ ಮೆಷಿನನ್ನು ಎತ್ತಿ ರಸ್ತೆಗೆ ಎಸೆದರು. ಮಾಸ್ಟ್ರು ಅಡ್ಡ ಹೋಗಿ ಒಂದು ಪೆಟ್ಟು ತಿಂದು ಕನ್ನಡಕ ಕಳೆದುಕೊಂಡರು. ಎದುರಿನ ಚಾ ಅಂಗಡಿಯಲ್ಲಿ ಕೂತವರಲ್ಲಿ ಹಿಂದೂಗಳೂ ಇದ್ದರು, ಹಕೀಂರ ಮಸೀದಿಯವರೂ ಇದ್ದರು. ಯಾರೂ ಗ್ಲಾಸು ಕೆಳಗಿಡಲಿಲ್ಲ.

ಶೀನಪ್ಪ ಏನನ್ನೂ ಮುಟ್ಟಲಿಲ್ಲ. ಲೋಲಾಕ್ಷಿಯ ಎದುರು ನಿಂತು, "ತುಕ್ರಪ್ಪನಲ್ಲಿಗೆ ಈಗಲೇ ಹೋಗುವ. ಮಗಳಿಗೆ ಹೆಸರಿಲ್ಲ, ಸಿಟ್ಟಿನಲ್ಲಿ ಸುಳ್ಳು ಹೇಳಿದೆ ಅಂತ ಹೇಳ್ಬೇಕು. ಆಗುದಿಲ್ಲ ಅಂತಾದ್ರೆ ಇಲ್ಲಿಂದಲೇ ಎಲ್ಲಿಗೆ ಬೇಕಾದರೂ ಹೋಗು. ನನ್ನ ಮನೆಗೆ ಮಾತ್ರ ಬರಬೇಡ" ಎಂದ.

ಲೋಲಾಕ್ಷಿ ಹಕೀಂರನ್ನು ನೋಡಿದಳು. ಅವರು ನೆಲದಲ್ಲಿ ಕೂತು ಗಾಜಿನ ಚೂರಿನ ನಡುವೆ ಬಟನ್ ಹೆಕ್ಕುತ್ತಿದ್ದರು. ಸೈನಬಳನ್ನು ನೋಡಿದಳು. ಸೈನಬಳ ಗಂಡ ಬಾಗಿಲಿಗೆ ಬಂದು ಅವಳ ತೋಳು ಹಿಡಿದು ಎಳೆದೊಯ್ಯುತ್ತಿದ್ದ. ಎಲ್ಲರಿಗೂ ಜಾಗವಿದ್ದ ಆ ಕೋಣೆಯಲ್ಲಿ ರಾತ್ರಿ ಮಲಗಲಿಕ್ಕೆ ಜಾಗವಿರಲಿಲ್ಲ. ಅವಳು ತಡ್ಪೆ ಎತ್ತಿಕೊಂಡಳು. ಶೀನಪ್ಪನ ಹಿಂದೆ ಬಸ್‌ಸ್ಟಾಪಿನವರೆಗೆ ನಡೆದಳು.

"ಹೆಸರಿಲ್ಲ. ಸುಳ್ಳು ಹೇಳಿದೆ" ಎಂದಳು ತುಕ್ರಪ್ಪನ ಅಂಗಳದಲ್ಲಿ.

"ಬ್ಯಾರಿಯ ಅಂಗಡಿಗೆ ಹೋದದ್ದು?"

"ರವಕೆ ಹೊಲಿಸ್ಲಿಕ್ಕೆ."

ತುಕ್ರಪ್ಪನಿಗೆ ನಂಬಿಕೆಯಾಗಲಿಲ್ಲ. ಆದರೆ ಅವನಿಗೂ ಕುಲೆಯ ಕಾಟವಿತ್ತು. ಒಪ್ಪಿದ.

ಆಟಿಯಲ್ಲಿ ಮದುವೆ ನಡೆಯಿತು. ಎರಡು ಮಣೆ, ಒಂದರ ಮೇಲೆ ಪಂಚೆ, ಒಂದರ ಮೇಲೆ ಸೀರೆ. ಹಿರಿಯರೊಬ್ಬರು, "ಹೆತ್ತವಳು ಮಗಳನ್ನು ಹೆಸರು ಹಿಡಿದು ಕರೆಯಲಿ" ಎಂದರು. ಲೋಲಾಕ್ಷಿ ಸೀರೆಯನ್ನೇ ನೋಡುತ್ತ ನಿಂತಳು, ಬಾಯಿ ತೆರೆಯಲಿಲ್ಲ. ಹೊತ್ತಾಗುತ್ತದೆಂದು ಪ್ರೇಮಾವತಿಯೇ ಮುಂದೆ ಬಂದು, "ಸುಮತಿ, ಬಾ ಮಗಾ" ಎಂದಳು. ಕೋಳಿಸಾರಿನ ಊಟವಾಯಿತು.

ಸಂದೇಶನಿಗೆ ಆ ವರ್ಷವೂ ಹೆಣ್ಣು ಸಿಗಲಿಲ್ಲ. ಹಕೀಂ ಈಗ ಭಾನುವಾರ ಅಂಗಡಿ ತೆರೆಯುವುದಿಲ್ಲ. ಲೋಲಾಕ್ಷಿ ಹಿಂಬದಿಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾಳೆ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು ಬೇಲಿಯಾಚೆ ಹಾಯುವಾಗ ಒಮ್ಮೆ ತಲೆಯೆತ್ತಿ ಅವರ ಅಂಗಿಗಳನ್ನು ನೋಡುತ್ತಾಳೆ, ಮತ್ತೆ ತಗ್ಗಿಸುತ್ತಾಳೆ.

ಹೋದದ್ದು ಇಷ್ಟು: ಒಂದು ಹೊಲಿಗೆ ಮೆಷಿನ್, ಒಂದು ಗಾಜಿನ ಬೋಗುಣಿ, ಮಾಸ್ಟ್ರ ಕನ್ನಡಕ, ಸಂದೇಶನ ಅಂಗಿಯ ಆರು ಬಟನ್, ಐದು ಜನರ ಭಾನುವಾರ, ಒಂದು ಹೆಸರು.